ಅಜ್ಜಿಯನ್ನು ವಂಡರ್‌ಲಾಗೆ ಕರೆದುಕೊಂಡು ಹೋಗಬಹುದಾ?

"ಎಪ್ಪತ್ತೆಂಟು ವರ್ಷದವರು ಅಲ್ಲಿ ಏನು ಮಾಡ್ತಾರೆ? ಸುಮ್ನೆ ಸುಸ್ತಾಗಲ್ವಾ?" ಅಜ್ಜಿಯ ಜೊತೆ ಬಿಡದಿ ಹತ್ತಿರದ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾಗೆ ಹೋಗಿದ್ದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಖಂಡಿತ ಕರೆದುಕೊಂಡು ಹೋಗಿ ಅನ್ನುತ್ತೇನೆ. ಆದರೆ ಬ್ಯಾಗು ಕಾಯುವುದಕ್ಕೆ ಮಾತ್ರ ಬೇಡ.

ಮೊದಲ ಸಲ ನಾವು ಮಾಡಿದ್ದು ಅದೇ ತಪ್ಪು. ನೆರಳಿರುವ ಬೆಂಚು ನೋಡಿ ಅಜ್ಜಿಯನ್ನು ಕೂರಿಸಿದೆವು. ಪಕ್ಕದಲ್ಲಿ ಎಲ್ಲರ ಬ್ಯಾಗು, ಮೊಬೈಲು, ಚಪ್ಪಲಿ. "ಇಲ್ಲೇ ಇರಿ ಅಜ್ಜಿ, ಈಗ ಬಂದ್ವಿ" ಅಂತ ಹೋದವರು ವಾಪಸ್ ಬಂದದ್ದು ಎರಡೂವರೆ ಗಂಟೆ ಆದಮೇಲೆ. ಅಷ್ಟು ಹೊತ್ತೂ ಅವರು ಎದ್ದೇ ಇರಲಿಲ್ಲ. ಬಾಟಲಿಯ ನೀರು ಹಾಗೇ ಇತ್ತು. ಯಾಕಜ್ಜಿ ಅಂದರೆ, "ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗಬೇಕಲ್ಲ ಮಗಾ, ಸಾಮಾನು ಯಾರು ನೋಡ್ಕೋತಾರೆ?" ಅಂದರು. ಇವತ್ತಿಗೂ ಆ ಮಾತು ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವಯಸ್ಸಾದ ಮೇಲೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡುತ್ತವೆ. ಅಂಥ ಮಾತ್ರೆ ನುಂಗುವವರು ಸೆಖೆಯಲ್ಲಿ ನೀರು ಕುಡಿಯದೆ ಕೂತರೆ, ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು.

ಈಗ ಒಳಗೆ ಹೋದ ಕೂಡಲೇ ನಾವು ಮಾಡುವ ಮೊದಲ ಕೆಲಸ ಲಾಕರ್ ತೆಗೆದುಕೊಳ್ಳುವುದು. ಆಮೇಲೆ ಪಾಳಿ. ಗಂಟೆಗೊಬ್ಬರು ಅಜ್ಜಿಯ ಜೊತೆ ಇರುತ್ತೇವೆ. ಯಾರ ಪಾಳಿ ಯಾವಾಗ ಅಂತ ಮನೆಯಲ್ಲೇ ಮಾತಾಡಿಕೊಂಡಿರಬೇಕು, ಅಲ್ಲಿಗೆ ಹೋದ ಮೇಲೆ ಮಾತಾಡಿದರೆ ಆಗುವುದಿಲ್ಲ. ಮಕ್ಕಳು ರೈಡ್ ಕಡೆ ಎಳೆಯುತ್ತಾರೆ, "ನೀವು ಹೋಗಿ, ನಾನಿರ್ತೀನಿ" ಅಂತ ಅಜ್ಜಿಯೇ ಹೇಳಿಬಿಡುತ್ತಾರೆ.

ದಿನದ ವಿಷಯ. ಶನಿವಾರ, ಭಾನುವಾರ ಬೇಡ, ಏಪ್ರಿಲ್, ಮೇ ಬೇಡವೇ ಬೇಡ. ಡಿಸೆಂಬರಿನಲ್ಲಿ ಹವಾ ಚೆನ್ನಾಗಿರುತ್ತದೆ, ಆದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಫೆಬ್ರವರಿಯ ಒಂದು ಮಂಗಳವಾರವೋ ಬುಧವಾರವೋ ನಮಗೆ ಒಗ್ಗಿದೆ. ಗೇಟು ತೆರೆಯುವುದು ಸಾಮಾನ್ಯವಾಗಿ 11ಕ್ಕೆ. ಅದಕ್ಕೇ ಬೆಂಗಳೂರಿನಿಂದ ಸ್ವಲ್ಪ ಬೇಗ ಹೊರಟು, ಪಾರ್ಕ್ ದಾಟಿ ಮುಂದೆ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತೇವೆ. ಅಜ್ಜಿಯ ಮಾತ್ರೆಯೂ ಅಲ್ಲೇ ಮುಗಿಯುತ್ತದೆ. ಒಂದು ಮಾತು, ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಅದನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಬಿಸಿಗೆ ಕೆಡುತ್ತದೆ.

ಜೋರಾಗಿ ಎತ್ತಿ ಕುಕ್ಕುವ ರೈಡ್‌ಗಳ ಹತ್ತಿರ ಬೋರ್ಡ್ ಇರುತ್ತದೆ. ಹೃದಯದ ತೊಂದರೆ, ಬಿಪಿ, ಬೆನ್ನು ನೋವು ಇರುವವರು ಹತ್ತಬಾರದು ಅಂತ. "ಏನೂ ಆಗಲ್ಲ ಬನ್ನಿ ಅಜ್ಜಿ" ಅಂತ ಅಲ್ಲಿ ಯಾರೂ ಒತ್ತಾಯ ಮಾಡಬೇಡಿ. ಸವೆದ ಮೂಳೆಗೆ ಒಂದು ಜರ್ಕ್ ಸಾಕು.

ಅವರಿಗೆ ಏನು ಬೇಕು ಅಂತ ವಾರದ ಮೊದಲೇ ಕೇಳಿ. ನಾವು ಕೇಳಿದಾಗ ನಮ್ಮಜ್ಜಿ ಸ್ವಲ್ಪ ನಾಚಿಕೊಂಡೇ, "ಆ ಅಲೆ ಬರೋ ನೀರಿಗೆ ಕಾಲಿಡಬೇಕು" ಅಂದರು. ಎರಡೂವರೆ ಗಂಟೆ ಬೆಂಚಿನಿಂದ ಅದನ್ನೇ ನೋಡುತ್ತಾ ಕೂತಿದ್ದರಂತೆ! ವೇವ್ ಪೂಲಿಗೆ ಸೀರೆಯಲ್ಲಿ ಬಿಡುವುದಿಲ್ಲ, ಸಿಂಥೆಟಿಕ್ ಬಟ್ಟೆಯೇ ಬೇಕು. ಅದು ಸರಿಯೇ, ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಬೀಳುವುದು ಗ್ಯಾರಂಟಿ. ಅಮ್ಮ ಉದ್ದ ತೋಳಿನ ಟಾಪು, ಸಡಿಲವಾದ ಪ್ಯಾಂಟು ತಂದರು. ಅಜ್ಜಿ ಎರಡು ದಿನ ಒಲ್ಲೆ ಅಂದರು. ಮೂರನೇ ದಿನ ಬಾಗಿಲು ಹಾಕಿಕೊಂಡು ಹಾಕಿ ನೋಡಿದರು.

ಆ ಬುಧವಾರ ನೀರು ಮೊಣಕಾಲಿಗಿಂತ ಕೆಳಗಿರುವ ಕಡೆಯೇ ನಿಂತೆವು. ಒಂದು ಕೈ ನನ್ನದು, ಇನ್ನೊಂದು ಅಮ್ಮನದು. ಅಲೆ ಬಂತು, ಅಜ್ಜಿ ಕಣ್ಣು ಮುಚ್ಚಿ ನನ್ನ ಬೆರಳು ಹಿಡಿದ ಬಿಗಿ ಇನ್ನೂ ನೆನಪಿದೆ. ಸಾಕಾ ಅಜ್ಜಿ, ಹೋಗೋಣ್ವಾ ಅಂದೆ.

"ತಡಿ ಮಗಾ, ಇನ್ನೊಂದು ಬರ್ತಿದೆ."