ಬರಿ ಓವು?

ನಮ್ಮ ಉಡುಪಿ ಕಡೆ ಬಂಗೇರ, ಸುವರ್ಣ, ಸಾಲ್ಯಾನ್ ಅಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಮಲ್ಪೆ ಬಂದರಿನಲ್ಲಿ ನಿಂತು ‘ಓ ಕೋಟ್ಯಾನ್’ ಅಂತ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ. ನನ್ನ ಅಡ್ಡಹೆಸರು ತಿಂಗಳಾಯ. ಜಿಲ್ಲೆ ದಾಟಿದರೆ ಸಾಕು, ಪ್ರಶ್ನೆ ಶುರು. ‘ತಿಂಗಳಿಗೊಮ್ಮೆ ಸಂಬಳ ತಗೊಳ್ಳೋರಾ?’ ಅಂತ ಒಬ್ಬರು ಗುಮಾಸ್ತರು ನಕ್ಕಿದ್ದರು. ಹಳಗನ್ನಡದಲ್ಲಿ ತಿಂಗಳ್ ಅಂದರೆ ಚಂದ್ರ, ಆದ್ದರಿಂದ ನಾವು ಚಂದ್ರವಂಶದವರು ಅನ್ನುವುದು ನನ್ನ ಸೋದರಮಾವನ ವಾದ. ಎರಡು ಪೆಗ್ ಆದ ಮೇಲೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ.

ಕರಾವಳಿಯ ಮೀನುಗಾರರಾದ ನಮ್ಮ ಮೊಗವೀರರಲ್ಲಿ ಇದು ಸುಮ್ನೆ ಸರ್‌ನೇಮ್ ಅಲ್ಲ, ಬರಿ, ಅಂದರೆ ಕುಲ. ತುಳುವಿನಲ್ಲಿ ‘ಬರಿ ಓವು?’ ಅಂದರೆ ನಿನ್ನ ಬರಿ ಯಾವುದು ಅಂತ. ಬರಿ ಬರುವುದು ತಾಯಿಯಿಂದ. ಒಂದೇ ಬರಿಯವರು ಅಣ್ಣ ತಂಗಿ ಲೆಕ್ಕ, ಮದುವೆ ಇಲ್ಲ. ಬಂಟರು, ಬಿಲ್ಲವರಲ್ಲೂ ಹೀಗೇ. ಇದಕ್ಕೆ ಬಾರ್ಕೂರಿನ ಭೂತಾಳ ಪಾಂಡ್ಯನ ಕಥೆ ಹೇಳುತ್ತಾರೆ. ದೇವ ಪಾಂಡ್ಯ ಅನ್ನುವವನ ಹಡಗು ನೀರಿಗಿಳಿಯಲು ಕುಂಡೋದರ ಭೂತ ಮಗನ ಬಲಿ ಕೇಳಿತು. ಹೆಂಡತಿ ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಹುಡುಗನನ್ನು ಕೊಲ್ಲಲಿಲ್ಲ, ರಾಜ್ಯ ಇವನಿಗೇ ಅಂದಿತು. ಆ ಹುಡುಗನೇ ಭೂತಾಳ ಪಾಂಡ್ಯ. ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ಅಳಿಯಸಂತಾನ ಪದ್ಧತಿ ಅಲ್ಲಿಂದ ಶುರುವಾಯಿತಂತೆ. ಹಡಗು ಇಳಿಸುವ ಭಯ ಗೊತ್ತಿದ್ದವರೇ ಕಟ್ಟಿದ ಕಥೆ ಅಂತ ನನಗೆ ಅನ್ನಿಸುತ್ತದೆ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು ಆಸ್ತಿಯ ಕಟ್ಟು ಸಡಿಲವಾಯಿತು. ಶಾಲೆಯ ರಿಜಿಸ್ಟರಿನಲ್ಲಿ ಮಕ್ಕಳಿಗೆ ಅಪ್ಪನ ಹೆಸರು ಸೇರಿತು. ಈಗ ನನ್ನ ಮಗ ಕಾಗದದಲ್ಲಿ ತಿಂಗಳಾಯ, ಬರಿಯಲ್ಲಿ ಸುವರ್ಣ. ಅಕ್ಕನ ಮಗ ಕಾಗದದಲ್ಲಿ ಮೆಂಡನ್, ಬರಿಯಲ್ಲಿ ತಿಂಗಳಾಯ.

ಈ ಅಳಿಯನಿಗೆ ಹೆಣ್ಣು ನೋಡಲು ಉಚ್ಚಿಲಕ್ಕೆ ಹೋದೆವು. ಜೂನ್ ತಿಂಗಳು, ಟ್ರಾಲ್ ಬೋಟುಗಳೆಲ್ಲ ದಡ ಸೇರಿದ್ದವು. ನಮ್ಮವರಿಗೆ ಮದುವೆ ಮಾತಿಗೆ ಪುರುಸೊತ್ತು ಸಿಗುವುದೇ ಆಗ, ಅದೂ ಆಟಿ, ಅಂದರೆ ನಮ್ಮ ಆಷಾಢ, ಶುರುವಾಗುವ ಮೊದಲು. ಬ್ರೋಕರ್ ವಾಟ್ಸಾಪಿನಲ್ಲಿ ಕಳಿಸಿದ್ದ ಬಯೋಡೇಟಾದಲ್ಲಿ ಹುಡುಗಿ ಕರ್ಕೇರ ಅಂತಿತ್ತು. ಜಾತಕ ಕೂಡಿತ್ತು. ಗೋಳಿಬಜೆ, ಚಾ ಎಲ್ಲ ಆಯಿತು.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ, ಅವಳ ತಾಯಿಯ ತಾಯಿ, ಕೇಳಿದರು, “ಹುಡುಗನ ಸೋದರಮಾವ ಯಾರು?”

“ನಾನೇ,” ಅಂದೆ.

“ಬರಿ ಓವು ಮಗಾ?”

“ತಿಂಗಳಾಯ.”

ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅಜ್ಜಿಯ ಬೆರಳು ಹಾಗೇ ನಿಂತಿತು. “ಅಯ್ಯೋ, ನಮ್ಮದೂ ಅದೇ ಅಲ್ವಾ!”

ಹುಡುಗಿಯ ಅಪ್ಪ ಬ್ರೋಕರ್ ಮುಖ ನೋಡಿದರು. ಬ್ರೋಕರ್ ಗೋಡೆಯ ಕ್ಯಾಲೆಂಡರ್ ನೋಡಿದ. ಬೇರೆ ತಿಂಗಳಾಯರನ್ನು ನಾನು ನೋಡಿದ್ದೇ ಕಮ್ಮಿ, ಸಿಕ್ಕಿದ್ದು ಅಲ್ಲೇ ಸಿಗಬೇಕಿತ್ತಾ? ಹುಡುಗಿ ಮಾತ್ರ ಆರಾಮಾಗಿ ಅಳಿಯನ ಕಡೆ ತಿರುಗಿ “ಹಾಯ್ ಅಣ್ಣ” ಅಂದಳು. ಅಲ್ಲಿಗೆ ಎಲ್ಲರೂ ನಕ್ಕುಬಿಟ್ಟರು.

ಹೊರಡಲು ಎದ್ದರೆ ಅಜ್ಜಿ ಬಿಡಲಿಲ್ಲ. ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ ಬಡಿಸಿದರು. ನನ್ನ ಅಜ್ಜಿ ಯಾವ ಮನೆಯವರು, ಅವರ ತಾಯಿ ಯಾವ ಊರು ಅಂತ ಒಂದೊಂದೇ ಕೆದಕಿದರು. ಕೈ ತೊಳೆಯುವಾಗ ಹತ್ತಿರ ಬಂದು ಅಂದರು, “ಬರಿ ಲೆಕ್ಕದಲ್ಲಿ ನೀನೀಗ ಇವಳಿಗೂ ಮಾವನೇ. ಒಳ್ಳೆ ಹುಡುಗ ಇದ್ದರೆ ನೋಡು. ಅವನ ತಾಯಿಯ ಬರಿ ಮೊದಲು ಕೇಳು.”