ಮರೆಯಲ್ಲಿ ನಿಂತು ತಿದ್ದುವವರು

"ಎಲ್ಲಾ ಸರಿ ಇದೆ ಅಂತ ಬರೆದಿದ್ದೀರಲ್ಲ ಸರ್, ಮತ್ತೆ ನಾನು ಮನೆಗೆ ಹೋದ ಮೇಲೆ ನನ್ನ ವೋಚರ್ ನೀವು ಪುನಃ ಬರೆಯುವುದು ಯಾಕೆ?"

ಈ ವಾರ ಪೂರ್ತಿ ತಲೆಯೊಳಗೆ ಇದೊಂದೇ ಮಾತು. ಕೇಳಿದ್ದು ನಮ್ಮ ಸಹಕಾರಿ ಸಂಘಕ್ಕೆ ಹೊಸದಾಗಿ ಸೇರಿದ ಹುಡುಗಿ, ಬದಿಯಡ್ಕದ ಕಡೆಯವಳು. ಕೇಳಿದ್ದು ನಮ್ಮ ಅಕೌಂಟೆಂಟರನ್ನು. ಅದೂ ಸೆಕ್ರೆಟರಿಯ ಎದುರು, ಎಲ್ಲರೂ ಕೂತಿದ್ದ ಮೀಟಿಂಗಿನಲ್ಲಿ. ಸ್ವರ ಏರಿಸಲಿಲ್ಲ. ಬೆಳೆಸಾಲದ ಫೈಲ್ ಎಲ್ಲಿಟ್ಟಿದ್ದೀರಿ ಅಂತ ಕೇಳುವ ಹಾಗೆ ಕೇಳಿದಳು, ಉತ್ತರಕ್ಕೆ ಕಾದಳು.

ಮೀಟಿಂಗ್ ಯಾಕೆ ಅಂದರೆ, ಸೆಕ್ರೆಟರಿಯವರು ಯಾವುದೋ ತರಬೇತಿಗೆ ಹೋಗಿ ಬಂದಿದ್ದರು. ಬರುವಾಗ ಫೀಡ್‌ಬ್ಯಾಕ್ ಎಂಬ ಉತ್ಸಾಹವನ್ನೂ ಒಂದು ಕಟ್ಟು ಫಾರಮನ್ನೂ ತಂದರು. ಒಬ್ಬರ ಬಗ್ಗೆ ಇನ್ನೊಬ್ಬರು ಬರೆಯಬೇಕು. ಫಾರಂ ಮಲಯಾಳದಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮಗೆ ಅದೇನು ಹೊಸತಲ್ಲ, ಆದರೆ ಅರ್ಧ ಅರ್ಥವಾಗುವ ಪ್ರಶ್ನೆಗೆ ಪೂರ್ತಿ ಪ್ರಾಮಾಣಿಕ ಉತ್ತರ ಬರೆಯುವುದು ಕಷ್ಟ ಅಲ್ವಾ. ಎಲ್ಲರೂ ಎಲ್ಲರ ಬಗ್ಗೆಯೂ ಒಳ್ಳೆಯದೇ ಬರೆದರು. ಸೆಕ್ರೆಟರಿ ಅದನ್ನು ಒಂದೊಂದಾಗಿ ಜೋರಾಗಿ ಓದಿದರು, ತುಂಬಾ ಖುಷಿಯಲ್ಲಿದ್ದರು. ಒಳ್ಳೆಯ ಮನುಷ್ಯ. ಕಾಗದದಲ್ಲಿ ಬಂದದ್ದು ಮಾತ್ರ ನಿಜ ಅಂತ ನಂಬುತ್ತಾರೆ, ಅಷ್ಟೇ.

ಆಗ ಬಂತು ಆ ಪ್ರಶ್ನೆ.

ಅಕೌಂಟೆಂಟರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಹೊಸಬರಿಗೆ ಬೈಯುವುದಿಲ್ಲ. "ತೊಂದರೆ ಇಲ್ಲ, ನೀನು ಹೊರಡು, ಬಸ್ ತಪ್ಪುತ್ತದೆ" ಅಂತಾರೆ. ಆಮೇಲೆ ಕೂತು ಅವಳ ಅಡ್ಜಸ್ಟ್‌ಮೆಂಟ್ ವೋಚರುಗಳನ್ನು (ನಗದಿಲ್ಲದೆ ಒಂದು ಖಾತೆಯಿಂದ ಇನ್ನೊಂದಕ್ಕೆ ಲೆಕ್ಕ ದಾಟಿಸುವ ಚೀಟಿಗಳನ್ನು) ತೆಗೆದು ಹೊಸದಾಗಿ ಬರೆಯುತ್ತಾರೆ, ಹಳೆಯದನ್ನು ಮಡಚಿ ಡ್ರಾಯರಿಗೆ ಹಾಕುತ್ತಾರೆ. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಮನಸ್ಸು ನೋಯಿಸಬಾರದು ಎಂಬ ಒಳ್ಳೆಯತನ ಅಂತ ನಾವು ಅದಕ್ಕೆ ಹೆಸರಿಟ್ಟಿದ್ದೆವು. ನನಗೀಗ ಹಾಗೆ ಅನಿಸುವುದಿಲ್ಲ. ಹೇಳುವ ಕಷ್ಟ ಅವರಿಗೆ ತಪ್ಪುತ್ತದೆ, ಕಲಿಯುವ ಅವಕಾಶ ಅವಳಿಗೆ ತಪ್ಪುತ್ತದೆ. ಇದರಲ್ಲಿ ಲಾಭ ಯಾರಿಗೆ?

ತಮಾಷೆ ಏನೆಂದರೆ ಇದೇ ಮನುಷ್ಯ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಾರೆ, ಪಾತ್ರದ ಮಾತಾಡುತ್ತಾರೆ. ಅವರಿಗೆ ತುಂಬಾ ಇಷ್ಟದ ಪಾತ್ರ ವಾಲಿ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿ ಬೆಳೆದವರು, ಆ ಗತ್ತು ಸ್ವಲ್ಪ ಇವರಲ್ಲೂ ಉಂಟು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ, ಎದುರು ಬಂದು ಹೇಳಬಹುದಿತ್ತಲ್ಲ ಅಂತ ರಾಮನನ್ನು ಕೇಳುವಾಗ ಸಭೆಯಲ್ಲಿ ಯಾರೂ ಅಲ್ಲಾಡುವುದಿಲ್ಲ. ಕೂಟ ಮುಗಿದ ಮೇಲೆ ಊಟಕ್ಕೆ ಕೂತಲ್ಲಿ, ರಾಮನ ಅರ್ಥ ಹೇಳಿದವರಿಗೆ "ನೀವು ಇವತ್ತು ಪ್ರಸಂಗ ಬಿಟ್ಟು ಎಲ್ಲಿಗೋ ಹೋದಿರಿ ಮಾರಾಯ್ರೆ" ಅಂತ ಮುಖಕ್ಕೇ ಹೇಳುತ್ತಾರೆ. ಅವರೂ ನಗುತ್ತಾ ಇನ್ನೊಂದು ಸೌಟು ಪಾಯಸ ಹಾಕಿಸಿಕೊಳ್ಳುತ್ತಾರೆ. ಹಾಗಾಗಿ ಎದುರು ಹೇಳುವುದು ನಮ್ಮ ಊರಿನವರಿಗೆ ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿಯೇ ಬರುತ್ತದೆ. ಆಫೀಸಿನ ಮೆಟ್ಟಿಲು ಹತ್ತುವಾಗ ಅದೆಲ್ಲಿ ಹೋಗುತ್ತದೋ ಗೊತ್ತಿಲ್ಲ. ವಾಲಿಯ ಪ್ರಶ್ನೆಯನ್ನು ಅವತ್ತು ಹುಡುಗಿ ವಾಲಿಗೇ ಕೇಳಿದ ಹಾಗಾಯಿತು. ಅವರಿಗೂ ಅದು ಹೊಳೆದಿರಬೇಕು, ಕನ್ನಡಕ ತೆಗೆದು ಒರೆಸಿದರು, ಮಾತಾಡಲಿಲ್ಲ.

ಸಂಜೆ ಬಸ್‌ಸ್ಟಾಪಿನಲ್ಲಿ ಕೇಳಿದೆ, "ನಿನಗೆ ಹೇಗೆ ಗೊತ್ತಾಯ್ತು ಮಾರಾಯ್ತಿ?"

"ಬೆಳಿಗ್ಗೆ ಬೇಗ ಬಂದು ನೋಡ್ತೇನೆ ಅಕ್ಕಾ," ಅಂದಳು. ಬ್ಯಾಗಿನಿಂದ ಒಂದು ಹಳೆಯ ಡೈರಿ ತೆಗೆದಳು. ಎಡಗಡೆ ಅವಳು ಬರೆದದ್ದು, ಬಲಗಡೆ ಅವರು ತಿದ್ದಿದ್ದು. ಕೆಳಗೆ ತನಗೆ ತಾನೇ ಹೇಳಿಕೊಂಡ ಮಾತು: 'ಬಡ್ಡಿಯನ್ನು ಪುನಃ ಅಸಲಿಗೆ ಸೇರಿಸಿದ್ದೀಯ. ಲೆಡ್ಜರ್ ನೋಡಿಯೇ ಬರಿ, ನೆನಪಿನಿಂದ ಬರೆಯಬೇಡ.' ಇನ್ನೊಂದು ಕಡೆ: 'ಮೂರು ಗಂಟೆಯ ನಂತರ ನಿನ್ನ ತಪ್ಪು ಜಾಸ್ತಿ. ದೊಡ್ಡ ಮೊತ್ತದ್ದನ್ನು ಮೊದಲೇ ಮುಗಿಸು.' ಎಲ್ಲೂ ನಾನು ದಡ್ಡಿ, ನನ್ನಿಂದ ಆಗುವುದಿಲ್ಲ ಅನ್ನುವ ಗೋಳಿಲ್ಲ. ಪಕ್ಕದಲ್ಲಿ ಕೂತ ಅಕ್ಕ ತಂಗಿಗೆ ಹೇಳಿಕೊಟ್ಟ ಹಾಗಿತ್ತು.

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಇದಕ್ಕೂ ಸಂಶೋಧನೆ ಆಗಿದೆ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು: ಒತ್ತಡದ ಹೊತ್ತಿಗೆ 'ನಾನು' ಅನ್ನುವ ಬದಲು ನೀನು ಅಂತಲೋ ತನ್ನದೇ ಹೆಸರು ಹಿಡಿದೋ ತನ್ನ ಜೊತೆ ಮಾತಾಡಿಕೊಂಡವರಿಗೆ ಆತಂಕ ಕಡಿಮೆಯಾಯಿತಂತೆ. ಈ ಹುಡುಗಿ ಅದನ್ನು ಓದಿರಲಿಕ್ಕಿಲ್ಲ.

ಅದೇ ಹುಡುಕಾಟದಲ್ಲಿ ಇನ್ನೂ ಎರಡು ಸಿಕ್ಕಿತು. ಕ್ಲೂಗರ್ ಮತ್ತು ಡಿನಿಸಿ ಎಂಬವರು 1996ರಲ್ಲಿ ಫೀಡ್‌ಬ್ಯಾಕಿನ ಮೇಲೆ ಅದುವರೆಗೆ ಆದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಸರಾಸರಿಯಲ್ಲಿ ಪ್ರಯೋಜನ ಇದೆ, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಹಾಳಾಗಿತ್ತು. ಮಾತು ಕೆಲಸದ ಮೇಲಿರದೆ ಆ ಮನುಷ್ಯನ ಮೇಲೆ ತಿರುಗಿದರೆ ಹಾಗಾಗುತ್ತದೆ ಅಂತ ಅವರ ವಿವರಣೆ. ನೀನು ಅಜಾಗರೂಕಿ ಅನ್ನುವುದು ಬೇರೆ, ಈ ವೋಚರಿನಲ್ಲಿ ಬಡ್ಡಿ ತಪ್ಪಿದೆ ಅನ್ನುವುದು ಬೇರೆ. ಮೊದಲನೆಯದನ್ನು ಕೇಳಿದವರು ಇಡೀ ದಿನ ಅದನ್ನೇ ಮೆಲುಕು ಹಾಕುತ್ತಾರೆ, ವೋಚರ್ ಹಾಗೇ ಉಳಿಯುತ್ತದೆ. ಇನ್ನೊಂದು ಏಮಿ ಎಡ್ಮಂಡ್‌ಸನ್ ಎಂಬವರದ್ದು, 1990ರ ದಶಕದ್ದು. ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೋದರೆ, ಒಳ್ಳೆಯ ತಂಡಗಳಲ್ಲೇ ತಪ್ಪಿನ ಲೆಕ್ಕ ಜಾಸ್ತಿ ಬಂತು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಹೆದರದೆ ಹೇಳುತ್ತಿದ್ದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೆಕ್ರೆಟರಿಯ ಆ ಫಾರಂ ಕಟ್ಟು. ಒಂದೂ ತಪ್ಪಿಲ್ಲದ ಆಫೀಸು ನಮ್ಮದು! ಡ್ರಾಯರ್ ತೆರೆದರೆ ಮಾತ್ರ ತುಂಬಾ ಇವೆ.

ಆದರೆ ಡೈರಿಯಲ್ಲಿ ನನಗೆ ಜಾಸ್ತಿ ನಾಟಿದ್ದು ಬೇರೆಯೇ. ಅಲ್ಲಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಳು. ಯಾಕೆ ಅಂತ ಕೇಳಿದೆ.

"ಇಲ್ಲಿ ಎಂತ ತಪ್ಪು ಅಂತ ಗೊತ್ತಾಗಲಿಲ್ಲ ಅಕ್ಕಾ. ಲೆಕ್ಕ ಅದೇ, ಖಾತೆಯ ಹೆಡ್ ಅದೇ, ವಿವರಣೆ ಮಾತ್ರ ಬದಲಾಗಿದೆ. ಇದು ತಪ್ಪಾ, ಅವರಿಗೆ ಹಾಗೆ ಇಷ್ಟವಾ?"

ನೋಡಿ, ತಾನೇ ಕಲಿಯುತ್ತೇನೆ ಅಂತ ಎಷ್ಟು ಹಟ ಹಿಡಿದರೂ ಇಲ್ಲಿಗೆ ಬಂದು ನಿಲ್ಲುತ್ತದೆ. ತಪ್ಪು ಯಾವುದು, ಹಿರಿಯರ ರುಚಿ ಯಾವುದು ಅಂತ ತಿದ್ದಿದ ಕಾಗದ ಹೇಳುವುದಿಲ್ಲ, ತಿದ್ದಿದವರೇ ಬಾಯಿ ಬಿಡಬೇಕು. ಅದಕ್ಕೇ ಅವಳು ಮೀಟಿಂಗಿನಲ್ಲಿ ಕೇಳಿದ್ದು. ನಾವೆಲ್ಲ ಅದನ್ನು ಜಗಳ ಅಂದುಕೊಂಡೆವು. "ಈಗಿನ ಮಕ್ಕಳಿಗೆ ಹಿರಿಯರು ಕಿರಿಯರು ಅಂತಿಲ್ಲ" ಅಂತ ಕ್ಯಾಶಿಯರ್ ಹೇಳಿದ್ದೂ ಆಯಿತು. ಅವರಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ ಇರುತ್ತದೆ, ಬಿಡಿ.

ಮರುದಿನ ಅಕೌಂಟೆಂಟರು ಅವಳನ್ನು ಕರೆದು ಎದುರು ಕೂರಿಸಿದರು. ಡ್ರಾಯರಿನ ಕಟ್ಟೂ ಹೊರಬಂತು. ಶುರುವಿಗೆ ಉದ್ದದ ಪೀಠಿಕೆ, ಥೇಟ್ ಅರ್ಥದ ಧಾಟಿ. ಅವಳು ಡೈರಿ ಬಿಡಿಸಿ ಪ್ರಶ್ನೆ ಚಿಹ್ನೆ ಇದ್ದಲ್ಲಿ ಬೆರಳಿಟ್ಟ ಮೇಲೆ ಮಾತು ಚಿಕ್ಕದಾಯಿತು. "ಇದು ತಪ್ಪು, ಆಡಿಟಿನಲ್ಲಿ ಸಿಕ್ಕಿಬೀಳ್ತದೆ." "ಇದೂ ತಪ್ಪು." ಆಮೇಲೆ, ಸ್ವಲ್ಪ ತಡೆದು, "ಇದು... ತಪ್ಪಲ್ಲ. ನನಗೆ ಹಾಗೆ ಬರೆದು ಅಭ್ಯಾಸ." ಪ್ರಶ್ನೆ ಚಿಹ್ನೆಯ ಹೆಚ್ಚಿನವು ಈ ಕೊನೆಯ ಜಾತಿಗೆ ಸೇರಿದವು.

ಅವನ್ನೆಲ್ಲ ಅವಳು ಅಲ್ಲೇ ಗೀಟು ಹಾಕಿ ಹೊಡೆದು ಹಾಕಿದಳು. ಈಗ ವಿವರಣೆಯನ್ನು ತನ್ನ ರೀತಿಯಲ್ಲೇ ಬರೆಯುತ್ತಾಳೆ. ಅವರಿಗೆ ಅದು ಇನ್ನೂ ಹಿಡಿಸಿಲ್ಲ, ಹಿಡಿಸಿಲ್ಲ ಅಂತ ಅವಳ ಎದುರೇ ಹೇಳುತ್ತಾರೆ.