ಅಂತರಗಂಗೆಯ ಮುದಿ ಕೋತಿ, ಅಪ್ಪನ ಸ್ಕ್ಯಾನು

ಮೇ 18, 2025, ಭಾನುವಾರ
ಕೋಲಾರ

ಬೆಳಗ್ಗೆ ಅಪ್ಪನ ಜೊತೆ ಅಂತರಗಂಗೆ ಬೆಟ್ಟ ಹತ್ತಿದೆ. ಅರ್ಧ ಮೆಟ್ಟಿಲಿಗೇ ಒಂದು ಪಡ್ಡೆ ಕೋತಿ ನನ್ನ ಕೈಲಿದ್ದ ಮಾವಿನಹಣ್ಣಿನ ಚೀಲ ಕಿತ್ತುಕೊಂಡು ಹೋಯಿತು. ಪಕ್ಕದ ಬಂಡೆ ಮೇಲಿದ್ದ ಮುದಿ ಕೋತಿ ಸುಮ್ನೆ ನೋಡುತ್ತಾ ಕೂತಿತ್ತು. ಮೈಕೂದಲು ಉದುರಿತ್ತು, ಬೆನ್ನು ಬಾಗಿತ್ತು.

"ಇದಕ್ಕೂ ನನ್ನ ಥರ ಮರೆವು ಬರುತ್ತಾ?" ಅಂದರು ಅಪ್ಪ.

ಅವರು ಕೇಳಿದ್ದಕ್ಕೆ ಕಾರಣ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ನಮ್ಮ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದ್ದಾರೆ. ಅಪ್ಪನೂ ಅದರಲ್ಲಿದ್ದಾರೆ. ಎಂಆರ್‌ಐ ಮಾಡಿಸಿಕೊಂಡು ಬಂದವರು, "ಬೋರ್‌ವೆಲ್ ಲಾರಿ ಪಕ್ಕ ಮಲಗಿದ ಹಾಗಿತ್ತು" ಅಂದಿದ್ದರು.

ಮುಪ್ಪಿನ ಮರೆವು ತಿಳಿಯೋಕೆ ವಿಜ್ಞಾನಿಗಳು ಕೋತಿಗಳ ಮೆದುಳನ್ನೂ ಹೀಗೆ ಸ್ಕ್ಯಾನ್ ಮಾಡುತ್ತಾರೆ. ಆದರೆ ಕೋತಿಗೆ ಅಲುಗಾಡಬೇಡ ಅಂತ ಹೇಳೋಕಾಗಲ್ಲ ಅಲ್ವಾ? ಹಾಗಾಗಿ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟೇ ಸ್ಕ್ಯಾನ್ ಮಾಡುತ್ತಾರೆ. ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಕೋತಿಯ ಒಂದು ವರ್ಷ ನಮ್ಮ ಸುಮಾರು ಮೂರು ವರ್ಷಕ್ಕೆ ಸಮ. ಮನುಷ್ಯನಿಗೆ ಮುಪ್ಪು ಬರುವುದನ್ನು ಕಾದು ಕೂತರೆ ನೋಡುವ ವಿಜ್ಞಾನಿಯೇ ಮುದುಕನಾಗುತ್ತಾನೆ. ಪ್ರಯೋಗಾಲಯದ ರೀಸಸ್ ಕೋತಿ ಇಪ್ಪತ್ತು ದಾಟಿದರೆ ಮುದಿಯೇ. ಅದೇ ಕೋತಿಯನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಏನು ಬದಲಾಯಿತು ಅಂತ ನೋಡಬಹುದು. (ಅಂತರಗಂಗೆಯವು ರೀಸಸ್ ಅಲ್ಲ. ರೀಸಸ್ ಉತ್ತರದ ಕಡೆಯದು, ಬಾಲ ಗಿಡ್ಡ. ನಮ್ಮವಕ್ಕೆ ಬಾಲ ಉದ್ದ, ತಲೆ ಮೇಲೆ ಟೋಪಿ ಥರ ಕೂದಲು.)

ಮುದಿ ಕೋತಿಗೂ ಮರೆವು ಬರುತ್ತದೆ. ಆದರೆ ನರಕೋಶಗಳು ಬಹುಪಾಲು ಉಳಿದೇ ಇರುತ್ತವೆ. ಹೆಚ್ಚಾಗಿ ಹಾಳಾಗುವುದು ಅವುಗಳ ನಡುವಿನ ಎಳೆಗಳ ಮೇಲಿನ ಕೊಬ್ಬಿನ ಹೊದಿಕೆ. ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ. ಮರೆವಿನ ರೋಗವಾದ ಆಲ್ಜೈಮರ್ಸ್‌ನಲ್ಲಿ ಕಾಣುವ, ಅಮಿಲಾಯ್ಡ್ ಅನ್ನೋ ಪ್ರೋಟೀನಿನ ಹೆಪ್ಪುಗಳು ಕೋತಿಯ ಮೆದುಳಲ್ಲೂ ಸಿಗುತ್ತವೆ. ಆದರೂ ಮನುಷ್ಯನಲ್ಲಿ ನರಕೋಶಗಳು ಸಾಯುವಷ್ಟು ಅಲ್ಲಿ ಸಾಯುವುದಿಲ್ಲ. ನನಗಂತೂ ಇದೇ ಜಾಸ್ತಿ ಕುತೂಹಲ. ರೋಗವಿಲ್ಲದ, ಬರೀ ವಯಸ್ಸಿನ ಮರೆವನ್ನು ಬೇರೆ ಮಾಡಿ ನೋಡಲು ಕೋತಿ ನೆರವಾಗುತ್ತದೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1989ರಿಂದ ಕೆಲವು ರೀಸಸ್ ಕೋತಿಗಳಿಗೆ ಸುಮಾರು 30% ಊಟ ಕಡಿಮೆ ಕೊಟ್ಟು ನೋಡಿದರು. 2009ರಲ್ಲಿ ಪ್ರಕಟವಾದ ಸ್ಕ್ಯಾನ್‌ಗಳಲ್ಲಿ ಅವುಗಳ ಮೆದುಳಿನ ಕೆಲವು ಭಾಗ ಕಡಿಮೆ ಸವೆದಿತ್ತು. ಇಳಿಯುವಾಗ ಇದನ್ನೂ ಹೇಳಿದೆ. ಹೇಳಬಾರದಿತ್ತು.

"ಅಂದ್ರೆ ನನಗೆ ಒಂದೇ ಮುದ್ದೆ ಅಂತೀಯಾ?"

ರಾತ್ರಿ ಬಸ್ಸಾರು. ಅಪ್ಪ ನನ್ನ ಮುಖ ನೋಡಿಕೊಂಡೇ ಎರಡನೇ ಮುದ್ದೆ ಹಾಕಿಸಿಕೊಂಡರು.